ಬಳ್ಳಾರಿ ಬಿಸಿಲಿನಲ್ಲಿ 16 ಮೈಕ್ರಾನ್: ಲೇತ್ ಮೇಲೆ ಬೇರಿಂಗ್ ಸೀಟ್ ಹದಕ್ಕೆ ಬರುವುದು ಹೇಗೆ

ಸಂಜೆ ನಾಲ್ಕಕ್ಕೆ ಶಾಫ್ಟಿನ ಫಿನಿಷ್ ಕಟ್ (ಕೊನೆಯ ನುಣುಪು ಕಟ್) ಮುಗಿದಾಗ ಮೈಕ್ರೋಮೀಟರ್ 50.010 ಮಿ.ಮೀ. ತೋರಿಸಿರುತ್ತದೆ. ಮರುದಿನ ಬೆಳಿಗ್ಗೆ ಗಂಗಾವತಿಯ ರೈಸ್ ಮಿಲ್ಲಿನಿಂದ ಬಂದ ಫಿಟ್ಟರ್ ಅದೇ ಶಾಫ್ಟಿಗೆ ಬೇರಿಂಗ್ ಹಚ್ಚಿದರೆ, ಬಡಿತವಿಲ್ಲದೆ, ಬಿಸಿ ಮಾಡದೆ, ಕೈಯಲ್ಲೇ ಸರ್ರನೆ ಇಳಿದು ಕೂರುತ್ತದೆ. "ಅಣ್ಣಾ, ಇದು ಲೂಸ್ ಆಗೈತಲ್ಲ" ಎಂದು ಅವನು, "ನಿನ್ನೆ ಅಳದಾಗ ಕರೆಕ್ಟ್ ಇತ್ತಪ್ಪಾ" ಎಂದು ಟರ್ನರ್. ಬಳ್ಳಾರಿ, ಕೊಪ್ಪಳ, ರಾಯಚೂರಿನ ಲೇತ್ ಶಾಪುಗಳಲ್ಲಿ ಬೇಸಿಗೆ ತಿಂಗಳುಗಳಲ್ಲಿ ಈ ಮಾತು ಹೊಸದಲ್ಲ. ಇಬ್ಬರೂ ಹೇಳುವುದು ನಿಜ. ಮೈಕ್ರೋಮೀಟರೂ ಕೆಟ್ಟಿಲ್ಲ. ನಿನ್ನೆ ಅಳೆದದ್ದು ಬಿಸಿ ಶಾಫ್ಟನ್ನು, ಇವತ್ತು ಬೇರಿಂಗ್ ಕೂತದ್ದು ಆರಿದ ಶಾಫ್ಟಿನ ಮೇಲೆ.

ನಮ್ಮ ಕಡೆಯ ಲೇತ್ ಕೆಲಸದ ಬಹುಪಾಲು ಕೊನೆಗೆ ಬಂದು ನಿಲ್ಲುವುದು ಬೇರಿಂಗ್ ಕೂರುವ ಈ ಒಂದು ಜಾಗದಲ್ಲೇ. ಕಾರಟಗಿ, ಸಿಂಧನೂರು ಕಡೆಯ ಅಕ್ಕಿ ಗಿರಣಿಗಳ ಬ್ಲೋವರ್ ಇರಲಿ, ಸಂಡೂರು ಗಣಿಗಳ ಕನ್ವೇಯರ್ ರೋಲರ್ ಇರಲಿ, ರಾಯಚೂರಿನ ಹತ್ತಿ ಜಿನ್ನಿಂಗ್ ಯಂತ್ರವಿರಲಿ, ಶಾಫ್ಟಿನ ಉಳಿದ ಭಾಗ ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆ ಆದರೂ ಯಂತ್ರ ತಿರುಗುತ್ತದೆ. ಬೇರಿಂಗ್ ಸೀಟಿನಲ್ಲಿ ಮಾತ್ರ ಆ ಸಲುಗೆ ಇಲ್ಲ. ಹಾಗಾಗಿ ಒಂದೇ ಜಾಬ್ ಹಿಡಿದು ನೋಡೋಣ: ಬ್ಲೋವರ್ ಶಾಫ್ಟ್, ಇಎನ್8 ಉಕ್ಕು, ಉದ್ದ 700 ಮಿ.ಮೀ., ಎರಡೂ ತುದಿಗೆ 6310 ಬಾಲ್ ಬೇರಿಂಗ್.

16 ಮೈಕ್ರಾನ್ ಎಲ್ಲಿಂದ ಬಂತು

6310ರಲ್ಲಿ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳವ್ಯಾಸ ಸಿಗುತ್ತದೆ: 50 ಮಿ.ಮೀ. ಹೊರವ್ಯಾಸ 110, ಅಗಲ 27. ಡ್ರಾಯಿಂಗಿನಲ್ಲಿ ಶಾಫ್ಟಿಗೆ 50 ಕೆ6 ಎಂದು ಬರೆದಿದ್ದರೆ ಅದರ ಅರ್ಥ, ಸೀಟಿನ ವ್ಯಾಸ 50.002ಕ್ಕಿಂತ ಕಡಿಮೆ ಇರಬಾರದು, 50.018 ದಾಟಬಾರದು. ನಡುವಿನ ಅಂತರ 16 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ದಿನಪತ್ರಿಕೆಯ ಹಾಳೆ ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ, ಅದರ ಕಾಲು ಭಾಗಕ್ಕಿಂತ ಕಡಿಮೆ ಜಾಗ ನಮಗಿರುವುದು.

ಬೇರಿಂಗಿಗೂ ತನ್ನದೇ ಹೆಚ್ಚುಕಡಿಮೆ ಇದೆ. ಸಾಮಾನ್ಯ ದರ್ಜೆಯ 6310ರ ಒಳವ್ಯಾಸ 49.988ರಿಂದ 50.000ರ ಒಳಗೆ ಬರುತ್ತದೆ. ಅಂದರೆ ಶಾಫ್ಟ್ ಯಾವಾಗಲೂ ಬೇರಿಂಗಿಗಿಂತ ಒಂಚೂರು ದಪ್ಪ. ಈ ಬಿಗಿ ಕನಿಷ್ಠ 2, ಗರಿಷ್ಠ 30 ಮೈಕ್ರಾನ್.

ಬಿಗಿ ಕಡಿಮೆಯಾದರೆ ಒಳ ರಿಂಗ್ ಶಾಫ್ಟಿನ ಜೊತೆಗೆ ತಿರುಗದೆ, ಪ್ರತಿ ಸುತ್ತಿಗೂ ಕೂದಲೆಳೆಯಷ್ಟು ಹಿಂದೆ ಜಾರುತ್ತದೆ. ಬೇರಿಂಗ್ ಬಿಚ್ಚಿದಾಗ ಸೀಟಿನ ಮೇಲೆ ಕೆಂಪು ಕಂದು ಪುಡಿ, ಕನ್ನಡಿಯಂಥ ಹೊಳಪು ಕಂಡರೆ ಅದೇ ಕಾರಣ. ಕೆಲವೇ ವಾರಗಳಲ್ಲಿ ಸೀಟು ಸವೆದು 49.9ಕ್ಕೆ ಇಳಿಯಬಹುದು.

ಬಿಗಿ ಹೆಚ್ಚಾದರೆ ಆಗುವ ಹಾನಿ ಹೊರಗೆ ಕಾಣುವುದಿಲ್ಲ, ಅದಕ್ಕೇ ಅದನ್ನು ಹೆಚ್ಚು ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೇರಿಂಗಿನ ಒಳಗೆ ಗುಂಡು ಮತ್ತು ರಿಂಗಿನ ನಡುವೆ ಸ್ವಲ್ಪ ಸಡಿಲು ಇಟ್ಟೇ ಕಾರ್ಖಾನೆಯಿಂದ ಕಳಿಸಿರುತ್ತಾರೆ. 6310ಕ್ಕೆ ಸಾಮಾನ್ಯ ಸಡಿಲು 6ರಿಂದ 23 ಮೈಕ್ರಾನ್, ಸಿ3 ಎಂದು ಬರೆದಿದ್ದರೆ 18ರಿಂದ 36. ಬಿಗಿಯಾಗಿ ಕೂರಿಸಿದಾಗ ಒಳ ರಿಂಗ್ ಹಿಗ್ಗಿ, ಬಿಗಿಯ ಸುಮಾರು ಮುಕ್ಕಾಲಿನಿಂದ ಐದರಲ್ಲಿ ನಾಲ್ಕು ಪಾಲಿನಷ್ಟು ಸಡಿಲನ್ನು ತಿಂದುಬಿಡುತ್ತದೆ. 30 ಮೈಕ್ರಾನ್ ಬಿಗಿಗೆ 24 ಮೈಕ್ರಾನ್ ಹೋಯಿತು ಎಂದುಕೊಳ್ಳಿ. ಸಾಮಾನ್ಯ ಬೇರಿಂಗಿನಲ್ಲಿ ಉಳಿಯುವುದು ಸೊನ್ನೆ. ಗಿರಣಿ ಓಡಿ ಬೇರಿಂಗ್ ಬಿಸಿಯಾದ ಮೇಲೆ ಗುಂಡುಗಳು ಒಳಗೇ ಹಿಚುಕಿಕೊಂಡು ತಿರುಗುತ್ತವೆ, ಕಂಪನಿಯ ಬೇರಿಂಗೇ ಡೂಪ್ಲಿಕೇಟ್ ಎಂಬ ಅಪವಾದ ಬರುತ್ತದೆ.

ಆದ್ದರಿಂದ ಕೆ6ರ ಪೂರ್ತಿ ಅಗಲವನ್ನು ಬಳಸುವುದು ಜಾಣತನವಲ್ಲ. ಬೇರಿಂಗ್ ಕಂಪನಿಗಳ ಪಟ್ಟಿಗಳೂ ಈ ಗಾತ್ರದ ಬಾಲ್ ಬೇರಿಂಗಿಗೆ ಕೆ5 ಅನ್ನೇ ಮುಂದಿಡುತ್ತವೆ, ಅಂದರೆ 50.002ರಿಂದ 50.013. ಬರೀ ಲೇತಿನಲ್ಲಿ ಕೆ5 ಹಿಡಿಯುವುದು ಕಷ್ಟ, ಅದು ಗ್ರೈಂಡಿಂಗ್ ಕೆಲಸ. ಆದರೆ 50.008ಕ್ಕೆ ಗುರಿಯಿಟ್ಟು ಹೊಡೆದರೆ ಎರಡೂ ಕಡೆಗೆ ತಪ್ಪಲು ಜಾಗ ಸಿಗುತ್ತದೆ, ಬೇರಿಂಗಿಗೂ ಸುಖ.

ಬಿಸಿಲಿನ ಲೆಕ್ಕ

ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ, ಮೀಟರ್ ಉದ್ದಕ್ಕೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ಡ್ರೈ ಆಗಿ ಕಾರ್ಬೈಡ್ ಟಿಪ್‌ನಲ್ಲಿ ರಫ್ ಕಟ್ ಹೊಡೆದು ಮುಗಿಸಿದ ಶಾಫ್ಟ್ ಸುತ್ತಲಿನ ಗಾಳಿಗಿಂತ 30 ಡಿಗ್ರಿ ಹೆಚ್ಚು ಬಿಸಿ ಇದ್ದರೆ, 50 ಮಿ.ಮೀ. ವ್ಯಾಸ 17 ಮೈಕ್ರಾನ್ ದಪ್ಪ ಕಾಣುತ್ತದೆ. ನಮಗಿದ್ದ ಜಾಗವೇ 16. ಸಂಜೆ 50.010 ಓದಿದ ಶಾಫ್ಟ್ ಆರಿದ ಮೇಲೆ 49.993 ಆಗಿರುತ್ತದೆ. ಬೇರಿಂಗ್ ಕೈಯಲ್ಲೇ ಇಳಿದದ್ದು ಇದಕ್ಕೆ.

ಹಾಗಾದರೆ 42 ಡಿಗ್ರಿ ಬಿಸಿಲಿನ ಊರಲ್ಲಿ ನಿಖರ ಕೆಲಸವೇ ಆಗದೇ? ಆಗುತ್ತದೆ. ಅಳತೆಗಳೆಲ್ಲ 20 ಡಿಗ್ರಿಯಲ್ಲಿ ಇರಬೇಕು ಎಂಬುದು 1931ರಲ್ಲಿ ಅಂತರರಾಷ್ಟ್ರೀಯ ಮಟ್ಟದಲ್ಲಿ ಒಪ್ಪಿಕೊಂಡ ನಿಯಮ. ಆದರೆ ಶಾಫ್ಟ್, ಮೈಕ್ರೋಮೀಟರ್, ಬೇರಿಂಗ್ ಮೂರೂ ಉಕ್ಕು. ಮೂರೂ 40 ಡಿಗ್ರಿಯಲ್ಲೇ ಇದ್ದರೆ ಮೂರೂ ಒಂದೇ ಸಮ ಹಿಗ್ಗಿರುತ್ತವೆ, ಓದು ಸರಿಯಾಗೇ ಬರುತ್ತದೆ. ಕೆಲಸ ಕೆಡಿಸುವುದು ಒಂದಕ್ಕೂ ಇನ್ನೊಂದಕ್ಕೂ ಇರುವ ಬಿಸಿಯ ವ್ಯತ್ಯಾಸ. ಎಸಿ ಅಂಗಡಿಯಿಂದ ಆಗಷ್ಟೇ ತಂದ 25 ಡಿಗ್ರಿಯ ಬೇರಿಂಗನ್ನು 42 ಡಿಗ್ರಿಯ ಶಾಫ್ಟಿಗೆ ಹಚ್ಚಿ ನೋಡಿದರೆ 10 ಮೈಕ್ರಾನ್ ಹೆಚ್ಚು ಬಿಗಿ ಅನ್ನಿಸುತ್ತದೆ. ಅದನ್ನು ನಂಬಿ ಎಮರಿ ಪೇಪರ್ ಹಿಡಿದರೆ ಸೀಟು ಹೋಯಿತೆಂದೇ ಲೆಕ್ಕ. ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಬಿಸಿಲಿಗೆ ಬಿದ್ದು ಬಂದ ಶಾಫ್ಟನ್ನು ಇಳಿಸಿದ ಕೂಡಲೇ ಅಳೆದರೂ ಇದೇ ಕಥೆ. ಏರ್ ಕೂಲರನ್ನು ನೇರ ಅಳತೆಯ ಮೇಜಿಗೆ ತಿರುಗಿಸಿಟ್ಟರೂ ಅಷ್ಟೇ.

ಲೋಹ ಬೇರೆಯಾದರೆ ಈ ರಿಯಾಯಿತಿ ಇಲ್ಲ. ಗನ್‌ಮೆಟಲ್ ಬುಷ್ ಉಕ್ಕಿಗಿಂತ ಒಂದೂವರೆ ಪಟ್ಟು ಹಿಗ್ಗುತ್ತದೆ, ಅಲ್ಯೂಮಿನಿಯಂ ಎರಡು ಪಟ್ಟು. 50 ಮಿ.ಮೀ. ಗನ್‌ಮೆಟಲ್ ಬುಷ್ಷನ್ನು 40 ಡಿಗ್ರಿಯಲ್ಲಿ ಉಕ್ಕಿನ ಮೈಕ್ರೋಮೀಟರಿನಿಂದ ಅಳೆದರೆ, ಎರಡೂ ಒಂದೇ ಬಿಸಿಯಲ್ಲಿದ್ದರೂ, 6 ಮೈಕ್ರಾನ್ ಹೆಚ್ಚು ತೋರುತ್ತದೆ.

ಶಾಫ್ಟ್ ಆರಿದೆಯೇ ಎಂದು ತಿಳಿಯಲು ಕೈಯಿಂದ ಮುಟ್ಟಿ ನೋಡುವುದು ರೂಢಿ. ಚಳಿಗಾಲದಲ್ಲಿ ಅದು ನಡೆಯುತ್ತದೆ. ಏಪ್ರಿಲ್‌ನಲ್ಲಿ ಮೋಸ ಮಾಡುತ್ತದೆ, ಏಕೆಂದರೆ ನಮ್ಮ ಅಂಗೈ ಚರ್ಮ 33-34 ಡಿಗ್ರಿ, ಶಾಪಿನಲ್ಲಿ ಬಿದ್ದಿರುವ ಪ್ರತಿ ಕಬ್ಬಿಣವೂ ಬೆಚ್ಚಗೇ ಇರುತ್ತದೆ. ಇದಕ್ಕೆ ಸುಲಭದ ದಾರಿ, ಅದೇ ಬಾರಿನ ಒಂದು ತುಂಡನ್ನು ಲೇತ್ ಪಕ್ಕ ನೆರಳಲ್ಲಿ ಸದಾ ಇಟ್ಟಿರುವುದು. ಎಡಗೈ ತುಂಡಿನ ಮೇಲೆ, ಬಲಗೈ ಸೀಟಿನ ಮೇಲೆ. ಎರಡೂ ಒಂದೇ ತರ ಅನ್ನಿಸುವ ತನಕ ಮೈಕ್ರೋಮೀಟರ್ ಮುಟ್ಟಬಾರದು. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದವರು ಹೊಳೆಯುವ ಉಕ್ಕಿಗೆ ನೇರ ಹಿಡಿಯಬೇಡಿ, ಓದು ತುಂಬ ಕಡಿಮೆ ಬರುತ್ತದೆ. ಅದೇ ಶಾಫ್ಟಿನ ಮೇಲೆ ಕಪ್ಪು ಟೇಪ್ ತುಂಡು ಅಂಟಿಸಿ ಟೇಪಿಗೆ ಹಿಡಿಯಿರಿ.

ಮೈಕ್ರೋಮೀಟರನ್ನು ಹೆಡ್‌ಸ್ಟಾಕ್ ಮೇಲೆ ಇಡುವ ಅಭ್ಯಾಸವನ್ನು ಇವತ್ತೇ ಬಿಡಬೇಕು. ಗೇರು ತಿರುಗುವ ಆ ಎರಕದ ಪೆಟ್ಟಿಗೆ ಮಧ್ಯಾಹ್ನದ ಹೊತ್ತಿಗೆ ಚೆನ್ನಾಗಿ ಕಾದಿರುತ್ತದೆ. 50-75 ಮೈಕ್ರೋಮೀಟರಿನ ಜೊತೆ ಬರುವ 50 ಮಿ.ಮೀ. ಸ್ಟ್ಯಾಂಡರ್ಡ್ ರಾಡಿನಿಂದ ದಿನಕ್ಕೆರಡು ಸಲ ಸೊನ್ನೆ ನೋಡಬೇಕು, ರಾಡನ್ನು ಅದರ ಪ್ಲಾಸ್ಟಿಕ್ ಹಿಡಿಯಲ್ಲೇ ಹಿಡಿದು. ರ‍್ಯಾಚೆಟ್ ಎರಡು-ಮೂರು ಸಲ ಟಿಕ್ ಅಂದರೆ ಸಾಕು, ಬಿಗಿಹಿಡಿದು ತಿರುಗಿಸಿದರೆ ಫ್ರೇಮೇ ಬಾಗಿ 50.010 ಇದ್ದದ್ದು 50.005 ಓದುತ್ತದೆ.

ಕಟ್ಟಿಂಗಿಗೆ ಮೊದಲು

700 ಮಿ.ಮೀ. ಶಾಫ್ಟಿಗೆ 65 ಮಿ.ಮೀ. ಇಎನ್8 ಕಪ್ಪು ಬಾರನ್ನು 705ಕ್ಕೆ ಕತ್ತರಿಸಿ. ಸಣ್ಣ ಲೇತುಗಳ ಸ್ಪಿಂಡಲ್ ತೂತಿನೊಳಗೆ 65 ಬಾರ್ ಹೋಗದು, ಹಾಗಾಗಿ ಒಂದು ತುದಿ ಚಕ್ಕಿನಲ್ಲಿ, ಇನ್ನೊಂದು ತುದಿ ಸ್ಟೆಡಿ (ಬಾರಿಗೆ ಆಧಾರ ಕೊಡುವ ಚೌಕಟ್ಟು) ಮೇಲೆ ಕೂರಿಸಿ ಮುಖ ಹೊಡೆದು 60 ಡಿಗ್ರಿಯ ಸೆಂಟರ್ ಡ್ರಿಲ್ ಹಾಕಬೇಕು. ಈ ಎರಡು ಸೆಂಟರ್ ತೂತುಗಳೇ ಇಡೀ ಶಾಫ್ಟಿನ ಅಡಿಪಾಯ. ಅಲ್ಲಿ ಒಂದು ಚಿಪ್ ಕೂತಿದ್ದರೂ, ತೂತು ಓರೆಯಾಗಿದ್ದರೂ ಮುಂದಿನ ಕೆಲಸವೆಲ್ಲ ಅದೇ ಓರೆಯನ್ನು ಹೊತ್ತು ಬರುತ್ತದೆ.

ಫಿನಿಷ್ ಕೆಲಸ ಮೂರು ದವಡೆಯ ಚಕ್ಕಿನಲ್ಲಿ ಬೇಡ. ಸವೆದ ಚಕ್ಕು ಹತ್ತನೇ ಒಂದು ಮಿ.ಮೀ. ತನಕ ಆಚೀಚೆ ಓಡುತ್ತದೆ. ಒಂದು ತುದಿ ಮುಗಿಸಿ ತಿರುಗಿಸಿ ಹಿಡಿದಾಗ ಎರಡು ಸೀಟುಗಳು ಒಂದೇ ಅಕ್ಷದಲ್ಲಿ ಇರುವುದಿಲ್ಲ, ಅಳತೆ ಎರಡರದ್ದೂ ಸರಿಯಿದ್ದರೂ ಬ್ಲೋವರ್ ನಡುಗುತ್ತದೆ. ಎರಡು ಸೆಂಟರುಗಳ ನಡುವೆ ಕೂರಿಸಿ ಕ್ಯಾರಿಯರ್ (ಶಾಫ್ಟನ್ನು ಹಿಡಿದು ತಿರುಗಿಸುವ ಕ್ಲಾಂಪ್) ಹಾಕಿ ತಿರುಗಿಸಿದರೆ ಈ ತೊಂದರೆ ಇಲ್ಲ.

ಟೇಲ್‌ಸ್ಟಾಕ್ (ಚಕ್ಕಿನ ಎದುರು ತುದಿಯ ಸೆಂಟರ್ ಹಿಡಿದಿರುವ ಭಾಗ) ನೇರವಾಗಿದೆಯೇ ಎಂಬುದನ್ನು ಕಣ್ಣಳತೆಗೆ ಬಿಡಬಾರದು. ಶಾಫ್ಟಿನ ಮೇಲೆ 500 ಮಿ.ಮೀ. ದೂರದ ಎರಡು ಜಾಗದಲ್ಲಿ, ಕ್ರಾಸ್ ಸ್ಲೈಡ್ (ಟೂಲನ್ನು ಅಡ್ಡಕ್ಕೆ ಸರಿಸುವ ಭಾಗ) ಮುಟ್ಟದೆ, ಒಂದೇ ಸೆಟ್ಟಿಂಗಿನಲ್ಲಿ ಸಣ್ಣ ಕಟ್ ಹೊಡೆದು ಎರಡನ್ನೂ ಅಳೆಯಿರಿ. ಟೇಲ್‌ಸ್ಟಾಕ್ ಕಡೆ 0.20 ದಪ್ಪ ಬಂದರೆ, ಅದರ ಅರ್ಧ 0.10, ಅದನ್ನು 700ರಿಂದ ಗುಣಿಸಿ 500ರಿಂದ ಭಾಗಿಸಿದರೆ 0.14. ಡಯಲ್ ಗೇಜ್ ಹಚ್ಚಿ ಟೇಲ್‌ಸ್ಟಾಕನ್ನು ಅಷ್ಟು ನಿಮ್ಮ ಕಡೆಗೆ, ಅಂದರೆ ಟೂಲ್ ಕಡೆಗೆ ಎಳೆಯಬೇಕು. ಸರಿಪಡಿಸದೆ ಬಿಟ್ಟರೆ 27 ಮಿ.ಮೀ. ಸೀಟಿನೊಳಗೇ 11 ಮೈಕ್ರಾನ್ ಟೇಪರ್ (ವ್ಯಾಸದ ಇಳಿಜಾರು) ಬರುತ್ತದೆ. 100 ಮಿ.ಮೀ.ಗೆ 0.01ರ ಒಳಗೆ ತಂದರೆ ಸೀಟಿನಲ್ಲಿ ಮೂರು ಮೈಕ್ರಾನ್ ಕೂಡ ದಾಟುವುದಿಲ್ಲ, ಅದರಾಚೆ ಸಮಯ ಕಳೆಯುವ ಅಗತ್ಯವಿಲ್ಲ.

ಹಾಸಿನ (ಲೇತ್ ಬೆಡ್ಡಿನ) ಸವೆತವನ್ನು ಮಾತ್ರ ಟೇಲ್‌ಸ್ಟಾಕ್ ಎಳೆದು ಸರಿ ಮಾಡಲಾಗದು. ಸಂಡೂರು, ತೋರಣಗಲ್ಲು ಕಡೆ ಗಾಳಿಯಲ್ಲೇ ಅದಿರಿನ ಕೆಂಪು ಧೂಳಿದೆ. ಎಣ್ಣೆಯ ಜೊತೆ ಸೇರಿ ಅದು ಹಾಸಿನ ಮೇಲೆ ಉಜ್ಜುವ ಪೇಸ್ಟ್ ಆಗುತ್ತದೆ, ಚಕ್ಕಿನ ಹತ್ತಿರದ ಎರಡಡಿಯಲ್ಲಿ ಹೆಚ್ಚು. ಬೆಳಿಗ್ಗೆ ಹಳೇ ಎಣ್ಣೆ ಒರೆಸಿ, ಆಮೇಲೆ ಹೊಸ ಎಣ್ಣೆ. ಒರೆಸದೆ ಮೇಲೆ ಎಣ್ಣೆ ಸುರಿಯುವುದು ಪೇಸ್ಟ್ ಕಲಸಿದಂತೆಯೇ.

ಕಟ್ಟು

ಮೊದಲು ಎಲ್ಲ ವ್ಯಾಸಗಳನ್ನೂ ರಫ್ ಆಗಿ, 1 ಮಿ.ಮೀ. ಉಳಿಸಿ ಹೊಡೆಯಿರಿ. ಮಧ್ಯಭಾಗ 62, ಸೀಟು 51. ಕೀ ವೇ (ಕೀಲಿ ಕೂರುವ ತೋಡು) ಇದ್ದರೆ ಅದನ್ನೂ ಈ ಹಂತದಲ್ಲೇ ಕಡಿಸಿ, ಏಕೆಂದರೆ ಮೇಲ್ಪದರ ತೆಗೆದಾಗ, ಒಂದು ಬದಿ ಕಡಿದಾಗ ಬಾರಿನೊಳಗಿನ ಒತ್ತಡ ಸಡಿಲಾಗಿ ಅದು ಸ್ವಲ್ಪ ಬಾಗುತ್ತದೆ. ಫಿನಿಷ್ ಮಾಡಿದ ಮೇಲೆ ಬಾಗಿದರೆ ಮಾಡುವುದೇನೂ ಉಳಿಯದು.

ವೇಗದ ಲೆಕ್ಕ ಸರಳ. ನಿಮಿಷಕ್ಕೆ ಬೇಕಾದ ಮೀಟರ್ ವೇಗವನ್ನು 1000ದಿಂದ ಗುಣಿಸಿ, 3.14 ಮತ್ತು ವ್ಯಾಸದಿಂದ ಭಾಗಿಸಿ. ಇಎನ್8ಗೆ ಕಾರ್ಬೈಡ್ ಟಿಪ್‌ನಲ್ಲಿ ರಫ್ 100 ಮೀಟರ್ ಹಿಡಿದರೆ 65 ವ್ಯಾಸಕ್ಕೆ 490 ಸುತ್ತು, ಫಿನಿಷ್ 140 ಹಿಡಿದರೆ 50 ವ್ಯಾಸಕ್ಕೆ 890. ನಿಮ್ಮ ಲೇತಿನಲ್ಲಿ ಅದರ ಕೆಳಗಿನ ಹತ್ತಿರದ ಗೇರು ಹಾಕಿ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ಆದರೆ 25-30 ಮೀಟರ್ ಸಾಕು. ಫೀಡ್, ಅಂದರೆ ಒಂದು ಸುತ್ತಿಗೆ ಟೂಲ್ ಸರಿಯುವ ದೂರ, ರಫ್‌ಗೆ 0.25 ಮಿ.ಮೀ., ಫಿನಿಷ್‌ಗೆ 0.10. ನುಣುಪು ನಿರ್ಧರಿಸುವುದು ಮುಖ್ಯವಾಗಿ ಫೀಡ್ ಮತ್ತು ಟಿಪ್ಪಿನ ಮೂಗಿನ ದುಂಡು. ಟಿಪ್ ಡಬ್ಬಿಯ ಮೇಲೆ ಸಿಎನ್‌ಎಂಜಿ 120408 ಎಂದಿದ್ದರೆ ಕೊನೆಯ 08 ಎಂದರೆ 0.8 ಮಿ.ಮೀ. ದುಂಡು. ಫೀಡನ್ನು ಎರಡು ಪಟ್ಟು ಮಾಡಿದರೆ ಗೆರೆಯ ಆಳ ನಾಲ್ಕು ಪಟ್ಟು ಆಗುತ್ತದೆ, ಅದಕ್ಕೇ 0.20 ಫೀಡಿನಲ್ಲಿ ಹೊಡೆದ ಸೀಟು ಅಳತೆಗೆ ಸರಿಯಿದ್ದರೂ, ಬೇರಿಂಗ್ ಒತ್ತುವಾಗ ಗೆರೆಗಳ ತುದಿ ಮುರಿದು ಲೂಸ್ ಆಗುತ್ತದೆ.

ರಫ್ ಮುಗಿದ ಮೇಲೆ ಟೇಲ್‌ಸ್ಟಾಕ್ ಸಡಿಲಿಸಿ ಮತ್ತೆ ಬಿಗಿ ಮಾಡುವುದನ್ನು ಮರೆಯಬೇಡಿ. 30 ಡಿಗ್ರಿ ಕಾದ 700 ಮಿ.ಮೀ. ಶಾಫ್ಟ್ 0.24 ಮಿ.ಮೀ. ಉದ್ದವಾಗಿರುತ್ತದೆ. ಎರಡು ಸೆಂಟರುಗಳ ನಡುವೆ ಜಾಗವಿಲ್ಲದೆ ಅದು ಬಿಲ್ಲಿನಂತೆ ಬಾಗುತ್ತದೆ, ರಿವಾಲ್ವಿಂಗ್ ಸೆಂಟರಿನ ಬೇರಿಂಗೂ ಹಾಳಾಗುತ್ತದೆ. ಆಮೇಲೆ ಶಾಫ್ಟನ್ನು ಇಳಿಸಿ ಆರಲು ಬಿಡಿ. ಈ ದಪ್ಪಕ್ಕೆ ಊಟದ ಹೊತ್ತು ಪೂರ್ತಿ ಬೇಕು. ಅವಸರವಿದ್ದರೆ ಕೂಲಂಟ್ ಸುರಿಯುತ್ತಾ ನಿಧಾನ ತಿರುಗಿಸಿ, ಒದ್ದೆ ಗೋಣಿ ಸುತ್ತಬೇಡಿ, ಒಂದು ಬದಿ ಬೇಗ ಆರಿ ಇನ್ನೊಂದು ಬದಿ ಬಿಸಿ ಉಳಿಯುತ್ತದೆ.

ಕೂಲಂಟ್ ಬಗ್ಗೆ ಎರಡು ಮಾತು. ಒಂದು ಪಾಲು ಎಣ್ಣೆಗೆ ಇಪ್ಪತ್ತು ಪಾಲು ನೀರು. ನೀರಿಗೆ ಎಣ್ಣೆ ಹಾಕಬೇಕು, ಎಣ್ಣೆಗೆ ನೀರಲ್ಲ. ಗಡಸು ಬೋರ್ ನೀರಿನಲ್ಲಿ ಮಿಶ್ರಣ ಒಡೆದು ಮೇಲೆ ಕೆನೆ ಕಟ್ಟಿದರೆ ಫಿಲ್ಟರ್ ನೀರು ಬಳಸಿ. ಬೇಸಿಗೆಯಲ್ಲಿ ನೀರಷ್ಟೇ ಆವಿಯಾಗಿ ಎಣ್ಣೆ ದಟ್ಟವಾಗುವುದರಿಂದ, ಮೇಲೆ ತುಂಬಿಸುವಾಗ ತೆಳು ಮಿಶ್ರಣ ಸಾಕು.

ಈಗ ಇಡೀ ಕೆಲಸದ ಜೀವಾಳ. ಆರಿದ ಶಾಫ್ಟನ್ನು ಮತ್ತೆ ಸೆಂಟರಿಗೆ ಕೂರಿಸಿ, ಸೀಟನ್ನು 50.40ರ ಆಸುಪಾಸಿಗೆ ತನ್ನಿ. ಬಹಳ ಜನ ಇಲ್ಲಿಂದ 0.30 ಹೊಡೆದು, ಉಳಿದ 0.09 ಅನ್ನು 'ಸುಮ್ಮನೆ ಮುಟ್ಟಿಸಿ' ಎರಡು-ಮೂರು ಸಲಕ್ಕೆ ತೆಗೆಯಲು ಹೋಗುತ್ತಾರೆ. ಕಾರ್ಬೈಡ್ ಟಿಪ್ಪಿನ ಅಂಚು ಬ್ಲೇಡಿನಂತೆ ಚೂಪಲ್ಲ, ಸ್ವಲ್ಪ ದುಂಡಾಗಿರುತ್ತದೆ. 0.02 ಕಟ್ಟಿಗೆ ಅದು ಕಡಿಯದೆ ಉಜ್ಜುತ್ತದೆ: ಮೊದಲ ಸಲ ಏನೂ ಹೋಗದು, ಎರಡನೇ ಸಲ ಒತ್ತಡ ಹೆಚ್ಚಾಗಿ ಒಮ್ಮೆಲೇ 0.04 ಹೋಗಿ ಸೀಟು ಅಂಡರ್‌ಸೈಜ್ ಆಗುತ್ತದೆ. ಅದಕ್ಕೆ ಬದಲು ಕೊನೆಯ ಎರಡು ಕಟ್‌ಗಳನ್ನು ಸಮ ಮಾಡಿ. 50.40ರಿಂದ ವ್ಯಾಸದಲ್ಲಿ 0.20 ತೆಗೆಯಲು ಡಯಲ್ ಇಡಿ, ಅದೇ ಫೀಡು, ಅದೇ ಸುತ್ತು, ಸೀಟಿನ ಪೂರ್ತಿ ಉದ್ದ. ಅಳೆಯಿರಿ. 50.20ರ ಬದಲು 50.212 ಬಂತೆನ್ನಿ, ಟೂಲು ಮತ್ತು ಜಾಬು ಒತ್ತಡಕ್ಕೆ ಅಷ್ಟು ಹಿಂದೆ ಸರಿದಿವೆ. ಮುಂದಿನ ಕಟ್ಟಿನಲ್ಲೂ ಸುಮಾರು ಅಷ್ಟೇ ಸರಿಯುತ್ತವೆ, ಒತ್ತಡ ಬದಲಾಗಿಲ್ಲವಲ್ಲ. ಈಗ ಇರುವ 50.212ರಿಂದ ಬೇಕಾದ 50.008ಕ್ಕೆ 0.204, ಡಯಲನ್ನು ಅಷ್ಟೇ ಮುಂದೆ ಹಾಕಿದರೆ ಗುರಿಗೆ ಬಂದು ಕೂರುತ್ತದೆ.

0.204 ಎಂಬ ಅಳತೆಯನ್ನು ಕ್ರಾಸ್ ಸ್ಲೈಡ್ ಡಯಲಿನಲ್ಲಿ ಇಡಲು ಆಗುವುದಿಲ್ಲ. ಅದಕ್ಕೆ ಹಳೆಯ ಉಪಾಯವೊಂದಿದೆ: ಕಾಂಪೌಂಡ್ ಸ್ಲೈಡನ್ನು (ಕ್ರಾಸ್ ಸ್ಲೈಡಿನ ಮೇಲಿನ ಸಣ್ಣ ಸ್ಲೈಡ್) ಲೇತಿನ ಉದ್ದಕ್ಕೆ 5 ಡಿಗ್ರಿ 44 ನಿಮಿಷ ಓರೆ ಮಾಡಿ ಬಿಗಿ ಮಾಡಿ. ಆಗ ಅದರ ಹಿಡಿಯನ್ನು 0.10 ತಿರುಗಿಸಿದರೆ ಟೂಲ್ ಒಳಗೆ ಹೋಗುವುದು 0.01, ವ್ಯಾಸದಲ್ಲಿ 0.02. ಡಯಲಿನ ಒಂದು ಗೆರೆ 0.05 ಇರುವ ಹಳೇ ಲೇತಿನಲ್ಲೂ ವ್ಯಾಸಕ್ಕೆ 0.01 ಸಿಗುತ್ತದೆ, ಎರಡು ಗೆರೆಗಳ ನಡುವೆ ನಿಲ್ಲಿಸಿದರೆ 0.005. ಸ್ಕ್ರೂವಿನ ಸಡಿಲಿನಿಂದಾಗಿ ಹಿಡಿಯನ್ನು ಯಾವಾಗಲೂ ಮುಂದಕ್ಕೆ ತಿರುಗಿಸಿಯೇ ಗೆರೆಗೆ ತರಬೇಕು. ದಾಟಿದರೆ ಒಂದು ಸುತ್ತು ಹಿಂದೆ ಹೋಗಿ ಮತ್ತೆ ಬನ್ನಿ.

ಸೀಟು ಮುಗಿದು ದಪ್ಪ ಭಾಗ ಶುರುವಾಗುವ ಭುಜದ ಮೂಲೆಯನ್ನು ಚೂಪಾಗಿ ಬಿಡಬೇಡಿ, ಶಾಫ್ಟ್ ಮುರಿಯುವುದು ಅಲ್ಲೇ. 6310ರ ಒಳ ರಿಂಗಿನ ಮೂಲೆಯ ದುಂಡು ಕನಿಷ್ಠ 2 ಮಿ.ಮೀ. ಶಾಫ್ಟಿನ ಮೂಲೆ ದುಂಡು ಅದನ್ನು ಮೀರಿದರೆ ಬೇರಿಂಗ್ ಭುಜಕ್ಕೆ ತಾಗದೆ ಮೂಲೆಗೆ ಹತ್ತಿ ನಿಲ್ಲುತ್ತದೆ. 1.5 ಇಟ್ಟರೆ ಎರಡೂ ಕಡೆ ಕ್ಷೇಮ.

ಎಮರಿ ಬಟ್ಟೆಯಿಂದ ಐದು ಮೈಕ್ರಾನಿಗಿಂತ ಹೆಚ್ಚು ತೆಗೆಯಲು ಹೋಗಬೇಡಿ, ಸೀಟಿನ ದುಂಡು ಕೆಡುತ್ತದೆ. ಅದನ್ನು ಬೆರಳಿಗೆ ಸುತ್ತಿ ಹಿಡಿಯುವುದಂತೂ ಬೇಡವೇ ಬೇಡ. ಲೇತ್ ಮುಂದೆ ಕೈಗವಸು ಹಾಕಬಾರದು. ಬೇಸಿಗೆಯಲ್ಲಿ ಹೆಗಲ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ನಿಲ್ಲುವ ರೂಢಿ ನಮ್ಮ ಕಡೆ ಎಲ್ಲ ಶಾಪಿನಲ್ಲೂ ಇದೆ. 500 ಸುತ್ತಿನಲ್ಲಿ ತಿರುಗುವ ಕ್ಯಾರಿಯರಿಗೆ ಅದರ ಒಂದು ತುದಿ ಸಿಕ್ಕರೆ ಸ್ವಿಚ್ಚಿಗೆ ಕೈ ಹೋಗುವ ಮೊದಲೇ ಎಲ್ಲ ಮುಗಿದಿರುತ್ತದೆ. ಟವೆಲ್ ಮೊಳೆಗೆ ನೇತುಹಾಕಿ.

ಕಂಪ್ಯೂಟರ್ ನಡೆಸುವ ಸಿಎನ್‌ಸಿ ಟರ್ನಿಂಗ್ ಸೆಂಟರಿನಲ್ಲಿ ಡಯಲಿನ ಜಾಗಕ್ಕೆ ಆಫ್‌ಸೆಟ್ (ಯಂತ್ರಕ್ಕೆ ಕೊಡುವ ತಿದ್ದುಪಡಿ ಅಂಕಿ) ಬಂದಿದೆ, ಬಿಸಿಯ ಲೆಕ್ಕ ಬದಲಾಗಿಲ್ಲ. ಬೆಳಿಗ್ಗೆ 15-20 ನಿಮಿಷ ಸ್ಪಿಂಡಲ್ ಖಾಲಿ ಓಡಿಸಬೇಕು, ಊಟದ ಬಿಡುವಿನ ನಂತರದ ಮೊದಲ ಪೀಸನ್ನು ಪ್ರತ್ಯೇಕ ಅಳೆಯಬೇಕು, ಬಿಸಿ ಪೀಸಿನ ಓದು ನೋಡಿ ಆಫ್‌ಸೆಟ್ ತಿದ್ದಬಾರದು.

ಸೀಟು ಸವೆದು ಬಂದರೆ

ಸವೆದ ಸೀಟಿನ ಮೇಲೆ ಪಂಚ್ ಚುಕ್ಕೆ ಹೊಡೆದು ಅಥವಾ ನರ್ಲಿಂಗ್ (ಒತ್ತಿ ಗೆರೆ ಎಬ್ಬಿಸುವುದು) ಮಾಡಿ ಬೇರಿಂಗ್ ಕೂರಿಸುವುದು ಸುಗ್ಗಿಯ ಅವಸರದಲ್ಲಿ ನಡೆಯುತ್ತದೆ. ಎದ್ದ ಚುಕ್ಕೆಗಳ ತುದಿ ಮಾತ್ರ ಬೇರಿಂಗನ್ನು ಹಿಡಿದಿರುತ್ತವೆ, ಅವು ಚಪ್ಪಟೆಯಾದ ದಿನ ಮತ್ತೆ ಲೂಸ್. ಸಣ್ಣ ಶಾಫ್ಟ್ ಆದರೆ ಹೊಸದೇ ಮಾಡಿಸುವುದು ಲಾಭ. ದೊಡ್ಡದಾದರೆ ಸೀಟನ್ನು 47ಕ್ಕೆ ಇಳಿಸಿ, ವೆಲ್ಡಿಂಗ್ ತುಂಬಿ 54ಕ್ಕೆ ಏರಿಸಿ, ಮತ್ತೆ ಟರ್ನಿಂಗ್ ಮಾಡಬಹುದು. ಇಎನ್8ರಲ್ಲಿ ಸುಮಾರು 0.4 ಶೇಕಡ ಇಂಗಾಲ ಇರುವುದರಿಂದ ತಣ್ಣನೆ ಶಾಫ್ಟಿಗೆ ವೆಲ್ಡ್ ಹಚ್ಚಿದರೆ ಅಡಿಯಲ್ಲಿ ಗಡಸು ಪದರ ಕಟ್ಟಿ ಬಿರುಕು ಬಿಡುತ್ತದೆ, ಟಿಪ್ಪೂ ಅಲ್ಲೇ ಮುರಿಯುತ್ತದೆ. 150-200 ಡಿಗ್ರಿಗೆ ಕಾಯಿಸಿ, ಒಣಗಿಸಿದ 7018 ವೆಲ್ಡಿಂಗ್ ರಾಡಿನಿಂದ, ಶಾಫ್ಟಿನ ಉದ್ದಕ್ಕೆ, ಎದುರುಬದುರು ಸಾಲು ಹಾಕುತ್ತಾ ಹೋಗಬೇಕು. ಮುಗಿದ ಮೇಲೆ ನಿಧಾನ ಆರಲು ಭತ್ತದ ಹೊಟ್ಟಿನ ಒಣ ಬೂದಿಯಲ್ಲಿ ಹೂತಿಡಿ. ಗಂಗಾವತಿ, ಸಿರುಗುಪ್ಪ ಕಡೆ ಅದಕ್ಕೆ ಬರವಿಲ್ಲ, ಬಿಸಿ ಹಿಡಿದಿಡುವುದರಲ್ಲಿ ಅದು ಮರಳಿಗಿಂತ ಮೇಲು.

ಬೇರಿಂಗ್ ಕೂರಿಸುವಾಗ ಅದನ್ನು ಎಣ್ಣೆಯಲ್ಲಿ ಅಥವಾ ಇಂಡಕ್ಷನ್ ಹೀಟರಿನಲ್ಲಿ ಸುಮಾರು 100 ಡಿಗ್ರಿಗೆ ಕಾಯಿಸಿ, 120 ದಾಟಬಾರದು, ಗ್ಯಾಸ್ ಟಾರ್ಚ್ ಹಿಡಿಯಬಾರದು. ಗ್ರೀಸ್ ತುಂಬಿ ಮುಚ್ಚಿದ ಸೀಲ್ ಬೇರಿಂಗನ್ನು ಎಣ್ಣೆಗೆ ಹಾಕುವುದೂ ಸಲ್ಲದು. ಶಾಫ್ಟಿಗಿಂತ 60 ಡಿಗ್ರಿ ಹೆಚ್ಚು ಕಾದರೆ ಒಳವ್ಯಾಸ 34 ಮೈಕ್ರಾನಿನಷ್ಟು ತೆರೆದುಕೊಳ್ಳುತ್ತದೆ, ನಮ್ಮ ಬಿಗಿಗೆ ಅದು ಧಾರಾಳ. ಭುಜಕ್ಕೆ ತಾಗಿದ ಮೇಲೆ ಕೈ ಬಿಡದೆ ಒತ್ತಿಹಿಡಿಯಿರಿ: ಆರುವಾಗ ಬೇರಿಂಗ್ ಅಗಲದಲ್ಲೂ ಕುಗ್ಗಿ ಭುಜದಿಂದ ಸರಿದು ನಿಂತುಬಿಡುತ್ತದೆ. ಪೂರ್ತಿ ತಣ್ಣಗಾದ ಮೇಲೆ 0.03ರ ಫೀಲರ್ ಎಲೆಯನ್ನು ಭುಜ ಮತ್ತು ರಿಂಗಿನ ನಡುವೆ ಸುತ್ತಲೂ ಹಾಕಿ ನೋಡಿ, ಎಲ್ಲೂ ಒಳಗೆ ಹೋಗಬಾರದು.